ಪಿ.ಎಸ್.ಎ. ಎಂಬ ರಕ್ತಪರೀಕ್ಷೆ: ಅಂಕಿಯೂ ಅರ್ಥವೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡುನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಆರೋಗ್ಯದ ವಿಷಯ. ಅದರಲ್ಲಿಯೂ ಗಂಡಸರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಆಡದಂಥ ವಿಷಯ. ಹಬ್ಬದ ಊಟಕ್ಕೆ ಮುಂಚೆ ಇದೆಂಥ ಮಾತು ಎಂದು ಯಾರೂ ಮುಖ ಸಿಂಡರಿಸಬಾರದೆಂದು ಬೇಡಿಕೊಂಡು ಪ್ರಾರಂಭಿಸುತ್ತೇವೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾವು ವೈದ್ಯರಲ್ಲ. ಈ ಮುಂಬಯಿಯಲ್ಲಿ ಮೂವತ್ತು ವರ್ಷಕಾಲ ರಕ್ತಪರೀಕ್ಷೆಯ ಪ್ರಯೋಗಾಲಯಗಳಲ್ಲಿ ದುಡಿದು ನಿವೃತ್ತರಾದವರು. ರೋಗಿಯ ಮುಖವನ್ನು ಕಂಡದ್ದಕ್ಕಿಂತ ಅವನ ರಕ್ತದ ಸೀಸೆಯನ್ನು ಕಂಡದ್ದೇ ಹೆಚ್ಚು. ಸೀಸೆಯಿಂದ ಹೊರಟ ಅಂಕಿ ಮನೆಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಕೆಲಸ ಬಿಟ್ಟ ಮೇಲೆಯೇ ನಾವು ಅರಿತದ್ದು.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿದ್ದಾರೆ. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ. ಅರವತ್ತೈದು ತುಂಬಿದಾಗ ಮಗ ಸೊಸೆ ಪ್ರೀತಿಯಿಂದ ಅವರಿಗೆ ಸಂಪೂರ್ಣ ದೇಹ ತಪಾಸಣೆಯ ಪ್ಯಾಕೇಜೊಂದನ್ನು ಕೊಡಿಸಿದರು. ಹುಡುಗನೊಬ್ಬ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. ಸಂಜೆ ಮೊಬೈಲಿಗೆ ವರದಿ ಬಂತು. ಸಕ್ಕರೆ, ಕೊಬ್ಬು, ಥೈರಾಯಿಡ್ ಎಲ್ಲವೂ ಸರಿ. ಕೊನೆಯ ಪುಟದಲ್ಲಿ ಮಾತ್ರ ಪಿ.ಎಸ್.ಎ. 6.8 ಎಂದು ಕೆಂಪಕ್ಷರ. ಪಕ್ಕದಲ್ಲಿ 4ರ ಒಳಗಿರಬೇಕೆಂಬ ಸೂಚನೆ. ಆ ಮೂರಕ್ಷರ ಏನೆಂದು ಅವರಿಗೂ ತಿಳಿಯದು, ಪರೀಕ್ಷೆ ಮಾಡಿಸಿದ ಮಗನಿಗೂ ತಿಳಿಯದು. ರಾತ್ರಿ ಒಬ್ಬರೇ ಕುಳಿತು ಮೊಬೈಲಿನಲ್ಲಿ ಹುಡುಕಿದರು. 'ಕ್ಯಾನ್ಸರ್' ಎಂಬ ಮಾತು ಕಣ್ಣಿಗೆ ಬಿತ್ತು. ಅಲ್ಲಿಂದ ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಗೂ ಹೇಳಲಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ವಿಮೆಯ ಕಾಗದಗಳನ್ನೆಲ್ಲಾ ಒಂದು ಚೀಲಕ್ಕೆ ಸೇರಿಸಿಟ್ಟರಂತೆ. ಹನ್ನೆರಡನೆಯ ದಿನ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಮುಟ್ಟದೆ, "ಇನ್ನ ಎಷ್ಟ ದಿನಾ ಅದ, ಖರೇ ಹೇಳಿಬಿಡ್ರಿ" ಎಂದರು. ಹುಬ್ಬಳ್ಳಿಯ ಕಡೆಯ ಗಟ್ಟಿ ಜೀವ. ಆ ದಿನ ಅವರ ಕೈ ನಡುಗುತ್ತಿತ್ತು.

ಅವರು ಕೇಳಿದ ಪ್ರಶ್ನೆಗೆ ಆ ಅಂಕಿಯಲ್ಲಿ ಉತ್ತರವಿರಲಿಲ್ಲ. ಯಾಕೆ ಇರಲಿಲ್ಲ ಎಂಬುದೇ ಇಂದಿನ ನಮ್ಮ ಮಾತು.

ಗಂಡಸಿನ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗ್ರಂಥಿ ಇರುತ್ತದೆ. ಅದಕ್ಕೆ ಪ್ರಾಸ್ಟೇಟ್ ಗ್ರಂಥಿ ಎಂದು ಹೆಸರು. ವೀರ್ಯದ ದ್ರವದಲ್ಲಿ ಒಂದು ಪಾಲು ಇಲ್ಲಿಯೇ ತಯಾರಾಗುವುದು. ಈ ಗ್ರಂಥಿ ಉತ್ಪತ್ತಿಮಾಡುವ ಒಂದು ಪ್ರೋಟೀನು ಪಿ.ಎಸ್.ಎ. ಗಟ್ಟಿಯಾದ ವೀರ್ಯವನ್ನು ನೀರಾಗಿಸುವುದು ಅದರ ಸಹಜವಾದ ಕೆಲಸ. ಅದರಲ್ಲಿ ತೀರ ಅಲ್ಪಾಂಶ ಸೋರಿ ರಕ್ತವನ್ನು ಸೇರುತ್ತದೆ. ಎಷ್ಟು ಅಲ್ಪವೆಂದರೆ, ಅದನ್ನು ಅಳೆಯುವುದು ನ್ಯಾನೋಗ್ರಾಮಿನಲ್ಲಿ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. 6.8 ಎಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಅಂಥ ಆರು ಮುಕ್ಕಾಲು ಪಾಲು, ಅಷ್ಟೆ.

1979ರಲ್ಲಿ ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ವಿಜ್ಞಾನಿಗಳು ಈ ವಸ್ತುವನ್ನು ಗ್ರಂಥಿಯಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. 1986ರಲ್ಲಿ ಆ ದೇಶದ ಔಷಧ ಆಡಳಿತವು ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಆದರೆ ಆಗ ಕೊಟ್ಟದ್ದು ಕ್ಯಾನ್ಸರ್ ಇದೆಯೆಂದು ಮೊದಲೇ ಗೊತ್ತಾದವರಲ್ಲಿ ರೋಗದ ಏರಿಳಿತವನ್ನು ನೋಡುವುದಕ್ಕೆ. 1994ರಲ್ಲಿ, ಐವತ್ತು ದಾಟಿದ ಗಂಡಸರಲ್ಲಿ, ವೈದ್ಯರು ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆಯ ಜೊತೆಗೆ ರೋಗವನ್ನು ಪತ್ತೆಹಚ್ಚುವುದಕ್ಕೂ ಒಪ್ಪಿಗೆ ಸಿಕ್ಕಿತು. ಪಿ.ಎಸ್.ಎ. ಎಂಬುದು ಆ ಗ್ರಂಥಿಗೆ ಮೀಸಲಾದ ವಸ್ತುವೇ ಹೊರತು ಆ ರೋಗಕ್ಕೆ ಮೀಸಲಾದುದಲ್ಲ ಎಂಬುದನ್ನು ಎಲ್ಲರೂ ಗಮನಿಸಬೇಕು. ಗ್ರಂಥಿಗೆ ಏನೇ ಕಿರಿಕಿರಿಯಾದರೂ ಅದು ರಕ್ತದಲ್ಲಿ ಏರಬಹುದು.

ವಯಸ್ಸಾದಂತೆ ಗ್ರಂಥಿ ಊದಿ ದೊಡ್ಡದಾಗುವುದು ಸಾಮಾನ್ಯ; ಅದು ಕ್ಯಾನ್ಸರ್ ಅಲ್ಲ, ಆದರೂ ಅಂಕಿ ಏರುತ್ತದೆ. ಮೂತ್ರದ ಸೋಂಕಾದರೆ ಏರುತ್ತದೆ. ಮೂತ್ರಕ್ಕೆ ನಳಿಕೆ ಹಾಕಿದ್ದರೆ ಏರುತ್ತದೆ. ಹಿಂದಿನ ಒಂದೆರಡು ದಿನಗಳಲ್ಲಿ ವೀರ್ಯಸ್ಖಲನವಾಗಿದ್ದರೂ, ದೂರ ಸೈಕಲ್ ತುಳಿದಿದ್ದರೂ ಸ್ವಲ್ಪ ಏರಬಹುದು. ಊರಿನ ಮನೆಯ ನಾಯಿಯನ್ನು ನೆನೆದುಕೊಳ್ಳಿ. ನಾಯಿ ಬೊಗಳಿತೆಂದರೆ ಕಳ್ಳನೇ ಬಂದಿರಬೇಕೆಂದಿಲ್ಲ. ಬೆಕ್ಕು ಹಾದರೂ ಬೊಗಳುತ್ತದೆ, ಬೀಗರು ಬಂದರೂ ಬೊಗಳುತ್ತದೆ. ಬೊಗಳಲಿಲ್ಲವೆಂದ ಮಾತ್ರಕ್ಕೆ ಕಳ್ಳ ಬರಲಿಲ್ಲವೆಂದೂ ಹೇಳುವಂತಿಲ್ಲ. ಹಾಗೆಂದು ನಾಯಿಯನ್ನು ಯಾರೂ ಓಡಿಸುವುದಿಲ್ಲ; ಎದ್ದು ದೀಪ ಹಚ್ಚಿ ನೋಡುತ್ತಾರೆ.

ಇದು ಬರಿಯ ಉಪಮೆಯಲ್ಲ. ಅಂಕಿ 4ರಿಂದ 10ರ ನಡುವೆ ಬಂದವರ ಗ್ರಂಥಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಿ ನೋಡಿದರೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣುತ್ತದೆ, ಮೂವರಿಗೆ ಕಾಣುವುದಿಲ್ಲ. ಇನ್ನೊಂದು ಕಡೆ, 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಅಂಕಿ 4 ಅಥವಾ ಅದಕ್ಕಿಂತ ಕಡಮೆಯಿದ್ದ 2,950 ಗಂಡಸರಿಗೆ ಬಯಾಪ್ಸಿ ಮಾಡಿದಾಗ ಅವರಲ್ಲಿಯೂ ನೂರಕ್ಕೆ 15 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. 4 ಎಂಬ ಗೆರೆ ಮನುಷ್ಯರು ಅನುಕೂಲಕ್ಕೆ ಎಳೆದುಕೊಂಡದ್ದು. ದೇಹಕ್ಕೆ ಆ ಗೆರೆ ಗೊತ್ತಿಲ್ಲ.

ಹಾಗಾದರೆ ಕೆಂಪಕ್ಷರ ಬಂದಾಗ ದೀಪ ಹಚ್ಚಿ ನೋಡುವ ಕ್ರಮ ಯಾವುದು? ಮೊದಲನೆಯದು, ಅವಸರವಿಲ್ಲದೆ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು. ಸೋಂಕು ಇದ್ದರೆ ಅದು ವಾಸಿಯಾಗಿ ಆರು ವಾರ ಕಳೆಯಲಿ. ರಕ್ತ ಕೊಡುವ ಮುನ್ನ ಎರಡು ದಿನ ದಾಂಪತ್ಯ ಸಂಪರ್ಕವೂ ಸೈಕಲ್ ಸವಾರಿಯೂ ಬೇಡ. ಸಾಧ್ಯವಾದಷ್ಟು ಅದೇ ಪ್ರಯೋಗಾಲಯದಲ್ಲಿಯೇ ಮಾಡಿಸಿರಿ. ಒಂದೊಂದು ಯಂತ್ರದ ಅಳತೆ ಒಂದೊಂದು ರೀತಿ ಬರುತ್ತದೆ ಎಂಬುದನ್ನು ಮೂವತ್ತು ವರ್ಷ ಆ ಯಂತ್ರಗಳ ಮುಂದೆ ನಿಂತವರಾಗಿ ಹೇಳುತ್ತಿದ್ದೇವೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಊದಿದ ಗ್ರಂಥಿಗೆ ಕೊಡುವ ಫಿನಾಸ್ಟರೈಡ್, ಡುಟಾಸ್ಟರೈಡ್ ಎಂಬ ಔಷಧಗಳು ಕೆಲವು ತಿಂಗಳಲ್ಲಿ ಈ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅಂಥವರಲ್ಲಿ 3 ಎಂಬುದನ್ನು 6 ಎಂದು ಓದಬೇಕಾಗುತ್ತದೆ. ಕೂದಲುದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಕೂಡ ಅಂಕಿಯನ್ನು ಇಳಿಸುತ್ತದೆ.

ಎರಡನೆಯದು, 'ಫ್ರೀ ಪಿ.ಎಸ್.ಎ.' ಎಂಬ ಪರೀಕ್ಷೆ. ರಕ್ತದಲ್ಲಿ ಈ ವಸ್ತು ಬಹುಮಟ್ಟಿಗೆ ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಸ್ವಲ್ಪ ಭಾಗ ಮಾತ್ರ ಬಿಡಿಯಾಗಿ ತಿರುಗುತ್ತದೆ. ಬಿಡಿಯಾದ ಪಾಲು ನೂರಕ್ಕೆ 25ನ್ನು ಮೀರಿದ್ದರೆ ಕ್ಯಾನ್ಸರಿನ ಸಂಭವ ಕಡಮೆ; 10ಕ್ಕಿಂತ ಕಡಮೆಯಿದ್ದರೆ ಸಂಭವ ಹೆಚ್ಚು. ಅನಂತರ, ಬೇಕೆನಿಸಿದರೆ, ಎಂ.ಆರ್.ಐ. ಚಿತ್ರ. ಅದರಲ್ಲಿ ಸಂಶಯದ ಜಾಗ ಕಂಡರೆ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಖಚಿತವಾಗಿ ಹೇಳುವುದು ಬಯಾಪ್ಸಿಯೇ ಹೊರತು ರಕ್ತವಲ್ಲ.

ಇಷ್ಟಾದ ಮೇಲೆ, "ಎಲ್ಲರೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಬಿಟ್ಟರಾಯಿತಲ್ಲ" ಎಂದು ನೀವು ಕೇಳಬಹುದು. ಇಲ್ಲಿಯೇ ತೊಡಕಿರುವುದು. ಈ ಕ್ಯಾನ್ಸರಿನಲ್ಲಿ ಎಲ್ಲವೂ ಒಂದೇ ಜಾತಿಯದಲ್ಲ. ಕೆಲವು ಬೇಗ ಹಬ್ಬಿ ಮೂಳೆಯನ್ನು ಸೇರುತ್ತವೆ. ಅನೇಕವು ಆಮೆಯ ನಡೆಯವು, ಮನುಷ್ಯನ ಆಯುಷ್ಯ ಮುಗಿದರೂ ಅವುಗಳ ಪಯಣ ಮುಗಿಯುವುದಿಲ್ಲ. ಪರೀಕ್ಷೆಯ ಬಲೆಗೆ ಎರಡೂ ಬೀಳುತ್ತವೆ. ಆಮೆಯನ್ನು ಕಂಡು ಹುಲಿಯೆಂದು ಬೆದರಿ ಶಸ್ತ್ರಚಿಕಿತ್ಸೆಯನ್ನೋ ವಿಕಿರಣವನ್ನೋ ಮಾಡಿಸಿಕೊಂಡರೆ, ಮೂತ್ರ ತಡೆಯಲಾಗದಿರುವುದು, ಪುರುಷತ್ವ ಕುಂದುವುದು ಮುಂತಾದ ಕಷ್ಟಗಳು ಉಳಿದುಬಿಡಬಹುದು.

ಯೂರೋಪಿನ ಹಲವು ದೇಶಗಳಲ್ಲಿ 55ರಿಂದ 69 ವರ್ಷದ 1,62,000 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಪರೀಕ್ಷೆಗೆ ಕರೆದು, ಇನ್ನೊಂದನ್ನು ಕರೆಯದೆ ನೋಡಿದರು. 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಕರೆಸಿಕೊಂಡ ಗುಂಪಿನಲ್ಲಿ ಈ ರೋಗದ ಸಾವು ನೂರಕ್ಕೆ 13ರಷ್ಟು ಕಡಮೆಯಾಗಿತ್ತು. ಬೇರೆ ಮಾತಿನಲ್ಲಿ, 456 ಜನರನ್ನು ಕರೆದರೆ ಒಂದು ಸಾವು ತಪ್ಪಿತು; ಆ ಒಂದು ಸಾವು ತಪ್ಪುವುದಕ್ಕೆ 12 ಮಂದಿಗೆ ಹೆಚ್ಚಾಗಿ ರೋಗದ ಹೆಸರು ಅಂಟಿತು. ಲಾಭ ಉಂಟು, ಅದಕ್ಕೆ ಬೆಲೆಯೂ ಉಂಟು. ಇಂಗ್ಲೆಂಡಿನ ಕಡೆ, ಪಿ.ಎಸ್.ಎ.ಯಿಂದ ರೋಗ ಪತ್ತೆಯಾದ 1,643 ಮಂದಿಯನ್ನು ಶಸ್ತ್ರಚಿಕಿತ್ಸೆ, ವಿಕಿರಣ, ಬರಿಯ ನಿಗಾ ಎಂದು ಮೂರು ಗುಂಪು ಮಾಡಿದ್ದರು. 15 ವರ್ಷಗಳ ಮೇಲೆ, ಮೂರು ಗುಂಪಿನಲ್ಲಿಯೂ ನೂರಕ್ಕೆ ಸುಮಾರು 97 ಮಂದಿ ಈ ರೋಗದಿಂದ ಸತ್ತಿರಲಿಲ್ಲ ಎಂದು 2023ರಲ್ಲಿ ವರದಿಯಾಯಿತು.

ಆದುದರಿಂದಲೇ ಅಮೆರಿಕದ ತಜ್ಞರ ಮಂಡಲಿ 2018ರಲ್ಲಿ, 55ರಿಂದ 69ರವರೆಗಿನವರು ವೈದ್ಯರೊಡನೆ ಲಾಭನಷ್ಟ ಮಾತನಾಡಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ರೋಗಲಕ್ಷಣವಿಲ್ಲದೆ ಈ ಪರೀಕ್ಷೆ ಬೇಡ ಎಂದು ಹೇಳಿತು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ಅಪಾಯ ಸುಮಾರು ಎರಡರಷ್ಟು. ಅಂಥವರು ಈ ಮಾತುಕತೆಯನ್ನು ಐವತ್ತಕ್ಕೂ ಮೊದಲೇ ಆಡುವುದು ಲೇಸು. ನಮ್ಮ ದೇಶದ ಸರಕಾರ 2016ರಲ್ಲಿ ಹೊರಡಿಸಿದ ಕ್ಯಾನ್ಸರ್ ತಪಾಸಣೆಯ ಮಾರ್ಗದರ್ಶಿಯಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಮಾತ್ರ ಇದ್ದವು, ಪ್ರಾಸ್ಟೇಟ್ ಇರಲಿಲ್ಲ. ಪ್ಯಾಕೇಜುಗಳಲ್ಲಿ ಮಾತ್ರ ಅದು ಕೇಳದೆಯೇ ಬಂದು ಸೇರುತ್ತದೆ.

ಆದರೆ ಇದನ್ನು ಕೇಳಿ ಯಾರೂ "ಹಾಗಾದರೆ ಪರೀಕ್ಷೆಯೇ ಬೇಡ" ಎಂದು ಎದ್ದು ಹೋಗಬಾರದು. ಇದುವರೆಗೆ ಹೇಳಿದ್ದು ಯಾವ ತೊಂದರೆಯೂ ಇಲ್ಲದವರ ಮಾತು. ತೊಂದರೆ ಇದ್ದವರ ಮಾತೇ ಬೇರೆ. ಅದಕ್ಕೆ ಇನ್ನೊಬ್ಬರ ಸಂಗತಿ ಹೇಳಬೇಕು.

ವಿಜಾಪುರದ ಕಡೆಯ ಹಳ್ಳಿಯಿಂದ ಮಗನ ಮನೆಗೆಂದು ಕಲ್ಯಾಣಕ್ಕೆ ಬಂದಿದ್ದ ಹಿರಿಯರು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮಗನಿಗೆ ರಜೆಯಿಲ್ಲ, ವೈದ್ಯರ ಬಳಿಗೆ ಸೊಸೆ ಕರೆದುಕೊಂಡು ಹೋದಳು. ಮುದುಕರು ಕನ್ನಡದಲ್ಲಿ ಹೇಳಬೇಕು, ಆಕೆ ಹಿಂದಿಯಲ್ಲಿ ತಿಳಿಸಬೇಕು. ರಾತ್ರಿ ಐದಾರು ಸಲ ಏಳಬೇಕಾಗುತ್ತದೆ, ಮೂತ್ರ ಕಟ್ಟಿದಂತಾಗಿ ಹನಿಹನಿಯಾಗಿ ಬೀಳುತ್ತದೆ, ಒಮ್ಮೆ ರಕ್ತವೂ ಕಂಡಿತು ಎಂಬುದನ್ನು ಸೊಸೆಯ ಎದುರಿಗೆ ಹೇಳುವುದು ಹೇಗೆ? "ಸೊಂಟ ನೋಯ್ತದ" ಎಂದಷ್ಟೇ ಹೇಳಿದರು. ಸೊಂಟಕ್ಕೆ ಮುಲಾಮು ಬಂತು. ಒಂದು ವರ್ಷ ಮುಲಾಮು ಹಚ್ಚಿದರು. ಕೊನೆಗೆ ಪಿ.ಎಸ್.ಎ. ಪರೀಕ್ಷೆಗೆ ಬಂದಾಗ ಸೀಸೆ ನಮ್ಮ ಕೈಯಲ್ಲಿಯೇ ಹಾದುಹೋಯಿತು, ಅಂಕಿ ನೂರುಗಳಲ್ಲಿತ್ತು. ರೋಗ ಮೂಳೆಗೆ ಇಳಿದಿತ್ತು. ಚಿಕಿತ್ಸೆಯಿಂದ ಎರಡು ವರ್ಷ ಬದುಕಿದರು. ಆ ವರ್ಷಗಳಲ್ಲಿ ಮದ್ದು ಹಿಡಿಯುತ್ತಿದೆಯೇ ಎಂದು ತಿಳಿಸುತ್ತಿದ್ದುದು ಇದೇ ರಕ್ತಪರೀಕ್ಷೆ. ಅಂತ್ಯಕ್ರಿಯೆಯ ದಿನ ಮಗ ನಮ್ಮೊಡನೆ ಆಡಿದ ಮಾತು ಒಂದೇ: "ಅಪ್ಪ ನನ್ನ ಹತ್ರ ಆದ್ರೂ ಹೇಳಬಹುದಿತ್ತು." ಆ ತಂದೆಯೂ ಮಗ ಆದರೂ ಕೇಳಬಹುದಿತ್ತು ಎಂದುಕೊಂಡಿದ್ದರೋ ಏನೋ.

ಸ್ನೇಹಿತರೆ, ಪರನಾಡಿನಲ್ಲಿ ಬಾಳುವ ನಮಗೆ ಮನೆಯೊಳಗಿನ ಕನ್ನಡ ಹಾಡಿಗೆ, ಹಬ್ಬಕ್ಕೆ ಮಾತ್ರ ಮೀಸಲಾದರೆ ಸಾಲದು. ತಂದೆಯ ಸಂಕಟವನ್ನು ಮಗ ಕೇಳಿ ತಿಳಿಯುವುದಕ್ಕೂ ಅದು ಒದಗಬೇಕು. ವಯಸ್ಸಾದ ಗಂಡಸರಿಗೆ ಮೂತ್ರದ ತೊಂದರೆ ಇದ್ದರೆ, ರಕ್ತ ಕಂಡರೆ, ಬಿಡದ ಸೊಂಟನೋವಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ. ಮಗನೋ ಅಳಿಯನೋ ಒಂದು ದಿನದ ಸಂಬಳ ಹೋದರೂ ಸರಿ, ಜೊತೆಗೆ ಹೋಗಲಿ. ನಮ್ಮ ಸಂಘದಲ್ಲಿ ಭಾಷೆ ಬಲ್ಲ ಗಂಡಸರು ಬೇಕಾದಷ್ಟಿದ್ದೇವೆ; ಯಾರಿಗೆ ಜೊತೆ ಬೇಕೋ ಹೇಳಿ ಕಳಿಸಿ, ಬರುತ್ತೇವೆ.

ತೊಂದರೆಯಿಲ್ಲದವರು ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ ಮನೆಯಲ್ಲಿ ಕುಳಿತು ಮೂರು ಮಾತು ಕೇಳಿಕೊಳ್ಳಲಿ. ಇದರಲ್ಲಿ ಪಿ.ಎಸ್.ಎ. ಇದೆಯೇ? ಅಂಕಿ ಏರಿಬಂದರೆ ಮುಂದಿನ ಹೆಜ್ಜೆಗಳನ್ನು ಇಡಲು ನಾವು ಸಿದ್ಧವೇ? ವರದಿ ಬಂದ ದಿನ ಅದನ್ನು ಯಾವ ವೈದ್ಯರಿಗೆ ತೋರಿಸುತ್ತೇವೆ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಉತ್ತರ ಸಿಗುವವರೆಗೆ ರಕ್ತ ಕೊಡುವುದು ಬೇಡ.

ಹುಬ್ಬಳ್ಳಿಯ ನಮ್ಮ ಹಿರಿಯರ ಸಂಗತಿ ಅರ್ಧಕ್ಕೆ ನಿಂತಿತು. ಅಂದು ಸಂಜೆಯೇ ಅವರ ಶ್ರೀಮತಿಯವರನ್ನು ಕರೆಸಿ ಎಲ್ಲವನ್ನೂ ಹೇಳಿದೆವು. ಆ ತಾಯಿ ಅಳಲಿಲ್ಲ; "ಹನ್ನೊಂದ ದಿನಾ ಒಬ್ಬರ ಹೊತ್ತುಕೊಂಡು ತಿರುಗಿದ್ರೇನ್ರಿ" ಎಂದಷ್ಟೇ ಕೇಳಿದರು. ಆರು ವಾರದ ಮೇಲೆ ಅಂಕಿ 6.1. ಎಂ.ಆರ್.ಐ. ಆಯಿತು, ಬಯಾಪ್ಸಿಯೂ ಆಯಿತು. ಕ್ಯಾನ್ಸರ್ ಇತ್ತು, ಆದರೆ ನಿಧಾನದ ಜಾತಿಯದು, ಗ್ಲೀಸನ್ ಎಂಬ ಎಣಿಕೆಯಲ್ಲಿ 6. ವೈದ್ಯರು ಕತ್ತಿ ಹಿಡಿಯಲಿಲ್ಲ. ನಿಗಾ ಇಡೋಣ ಎಂದರು. ಆರು ತಿಂಗಳಿಗೊಮ್ಮೆ ರಕ್ತ ಕೊಡುತ್ತಾರೆ, ಆಗಾಗ ಚಿತ್ರ ತೆಗೆಸುತ್ತಾರೆ. ಎರಡು ವರ್ಷ ಕಳೆಯಿತು. ಅಂಕಿ ಬರುವ ದಿನ ಇಂದಿಗೂ ಅವರಿಗೆ ಊಟ ಸೇರುವುದಿಲ್ಲವಂತೆ. ಆದರೆ ವರದಿಯನ್ನು ಈಗ ಗಂಡಹೆಂಡಿರು ಕೂಡಿಯೇ ಓದುತ್ತಾರೆ. ಅವರು ಈ ಸಭೆಯಲ್ಲಿಯೇ ಇದ್ದಾರೆ. ಪಾಸ್‌ಬುಕ್ಕಿನ ಚೀಲ ಮರಳಿ ಕಪಾಟು ಸೇರಿದೆ.

 ಇಂದು ಮನೆಗೆ ಹೋದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ.