ಕಾರ್ಮಿಕ ಸಂಘವೂ ಮಾಲಕನ ಕರ್ತವ್ಯವೂ

(ನಾಗರಿಕರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಕಟ್ಟುವ ಹಕ್ಕು ಬೇರೆ; ಕಟ್ಟಿದ ಸಂಘದೊಡನೆ ಮಾಲಕನು ಕುಳಿತು ಮಾತಾಡಲೇಬೇಕೆಂಬ ಹಕ್ಕು ಬೇರೆ. ಮೊದಲನೆಯದು ದೊರೆತೊಡನೆ ಎರಡನೆಯದೂ ದೊರೆಯಿತೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ನಮ್ಮ ದೇಶದ ಕಾಯಿದೆಯ ಇತಿಹಾಸವು ಹಾಗೆ ಹೇಳುವದಿಲ್ಲ. ಈ ಎರಡರ ನಡುವಣ ಅಂತರವನ್ನೂ, ಸಂಘವೊಂದು ಮಹಾಸಂಘವನ್ನು ಸೇರಿದಾಗ ಮಾಲಕನ ಕರ್ತವ್ಯವು ಏನಾಗುವದೆಂಬದನ್ನೂ ಇಂದು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವೆನು.

ಮೊದಲು ಮದರಾಸಿನ ಸಂಗತಿಯನ್ನು ನೋಡೋಣ. ೧೯೧೮ನೆಯ ಎಪ್ರಿಲ್ ೨೭ರಂದು ಅಲ್ಲಿ ಬಿ. ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದರಾಸು ಲೇಬರ್ ಯೂನಿಯನ್ ಸ್ಥಾಪಿತವಾಯಿತು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಕಾರರೇ ಅದರ ಬೆನ್ನೆಲುಬು. ಆ ಗಿರಣಿಗಳನ್ನು ನಡಿಸುತ್ತಿದ್ದ ಬಿನ್ನಿ ಕಂಪನಿಯೇ ಬೆಂಗಳೂರಿನ ಬಟ್ಟೆಯ ಗಿರಣಿಯನ್ನೂ ನಡಿಸುತ್ತಿತ್ತು. ೧೯೨೦ರಲ್ಲಿ ಗಿರಣಿಯ ಬಾಗಿಲು ಮುಚ್ಚಿದ ಕಾಲಕ್ಕೆ ಕಂಪನಿಯು ವಾಡಿಯಾ ಮೊದಲಾದವರ ಮೇಲೆ ಮದರಾಸಿನ ಹಾಯಕೋರ್ಟಿನಲ್ಲಿ ದಾವೆ ಹೂಡಿತು. ನೌಕರಿಯ ಕರಾರನ್ನು ಮುರಿಯುವಂತೆ ಕೂಲಿಕಾರರನ್ನು ಪ್ರೇರಿಸಿದರೆಂಬದು ಆರೋಪ. ಕೋರ್ಟು ತಡೆಯಾಜ್ಞೆಯನ್ನು ಕೊಟ್ಟಿತು. ವಾಡಿಯಾ ಅವರು ಸಂಘದ ಸಂಬಂಧವನ್ನು ಬಿಡಲೊಪ್ಪಿದ ಮೇಲೆಯೇ ವ್ಯಾಜ್ಯವು ಮುಗಿಯಿತು. ಸಂಘ ಕಟ್ಟುವದು ಅಪರಾಧವೆಂದು ಹೇಳುವ ಕಾಯಿದೆ ಆಗ ಇರಲಿಲ್ಲ. ಕಟ್ಟಿದವನನ್ನು ಕಾಯುವ ಕಾಯಿದೆಯೂ ಇರಲಿಲ್ಲ.

ಈ ಪೆಟ್ಟಿನಿಂದಲೇ ಎಚ್ಚತ್ತು ೧೯೨೧ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಠರಾವು ತಂದರು. ೧೯೨೬ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆಯಾಗಿ, ೧೯೨೭ನೆಯ ಜೂನ್ ೧ರಿಂದ ಅದು ಜಾರಿಗೆ ಬಂದಿತು. ಏಳು ಜನರು ಕೂಡಿ ಸಂಘವನ್ನು ನೋಂದಿಸಬಹುದಾಗಿತ್ತು. ವಾಡಿಯಾ ಅವರ ಮೇಲೆ ಹೂಡಿದಂತಹ ದಾವೆಯಿಂದ ನೋಂದಾಯಿತ ಸಂಘಕ್ಕೆ ರಕ್ಷಣೆಯುಂಟು. ಆದರೆ ಆ ಸಂಘದ ಪತ್ರಕ್ಕೆ ಮಾಲಕನು ಉತ್ತರ ಬರೆಯಬೇಕೆಂದು ಕಾಯಿದೆಯಲ್ಲಿ ಒಂದು ಅಕ್ಷರವೂ ಇರಲಿಲ್ಲ. ೧೯೪೭ರ ತಿದ್ದುಪಡಿಯು ಕಡ್ಡಾಯ ಮನ್ನಣೆಯ ಕಲಮುಗಳನ್ನು ಸೇರಿಸಿತು. ಕಾಯಿದೆಯು ಪಾಸಾಯಿತು, ಜಾರಿಗೆ ಮಾತ್ರ ಬರಲೇ ಇಲ್ಲ! ೧೯೬೧ರಲ್ಲಿ ಬ್ಯಾಂಕು ನೌಕರರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಸಹ, ಸಂಘ ಕಟ್ಟುವ ಮೂಲಭೂತ ಹಕ್ಕಿನಲ್ಲಿ ಫಲಕಾರಿಯಾಗಿ ಸಾಮೂಹಿಕ ಕರಾರು ಮಾಡಿಕೊಳ್ಳುವ ಹಕ್ಕು ಅಡಗಿಲ್ಲವೆಂದು ತೀರ್ಪಿತ್ತಿತು.

ಅಮೇರಿಕೆಯು ಈ ಅಂತರವನ್ನು ೧೯೩೫ರ ವ್ಯಾಗ್ನರ್ ಕಾಯಿದೆಯಿಂದ ಮುಚ್ಚಿತು. ಬಹುಮತದಿಂದ ಆಯ್ದ ಸಂಘದೊಡನೆ ಮಾತುಕತೆಗೆ ಒಲ್ಲೆನೆನ್ನುವದೇ ಅಲ್ಲಿ ಮಾಲಕನ ತಪ್ಪು. ಬೇಡಿಕೆಗೆ ಒಪ್ಪಲೇಬೇಕೆಂದಲ್ಲ, ಸದ್ಭಾವನೆಯಿಂದ ಕುಳಿತು ಮಾತಾಡಬೇಕು, ಇಷ್ಟೇ. ಆಗ ಹೊಸ ತೊಡಕೊಂದು ಹುಟ್ಟಿತು. ಸಿಯಾಟಲ್ ಪಟ್ಟಣದ ಒಂದು ಬ್ಯಾಂಕಿನ ನೌಕರರು ೧೯೭೦ರಿಂದ ಮನ್ನಣೆ ಪಡೆದ ತಮ್ಮದೇ ಸ್ವತಂತ್ರ ಸಂಘವನ್ನು ಹೊಂದಿದ್ದರು. ೧೯೭೮ರಲ್ಲಿ ಸಂಘದ ಸದಸ್ಯರು ಮತ ಹಾಕಿ ಅದನ್ನು ಅಂಗಡಿ ನೌಕರರ ದೊಡ್ಡ ಮಹಾಸಂಘಕ್ಕೆ ಸಂಲಗ್ನಗೊಳಿಸಿದರು. ಆಗ ಬ್ಯಾಂಕು ಮಾತುಕತೆಗೆ ಒಪ್ಪಲಿಲ್ಲ. ಸದಸ್ಯರಲ್ಲದ ನೌಕರರಿಗೆ ಮತವಿರಲಿಲ್ಲವೆಂಬ ಕಾರಣದಿಂದ ಕಾರ್ಮಿಕ ಮಂಡಲಿಯೂ ಕಡೆಗೆ ಬ್ಯಾಂಕಿನ ಪಕ್ಷವನ್ನೇ ಹಿಡಿಯಿತು. ೧೯೮೬ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇದನ್ನು ತಳ್ಳಿಹಾಕಿತು. ಮಹಾಸಂಘವನ್ನು ಸೇರುವದು ಸಂಘದ ಒಳಮನೆಯ ವ್ಯವಹಾರ. ಆ ಮತದಾನಕ್ಕೆ ಹೊರಗಿನವರು ನಿಯಮ ಹಾಕಲಾಗದು. ಸೇರ್ಪಡೆಯಿಂದ ಸಂಘದ ಸ್ವರೂಪವೇ ಬದಲಾಗಿ, ನೌಕರರ ಬಹುಮತವು ಅದಕ್ಕಿದೆಯೋ ಇಲ್ಲವೋ ಎಂಬ ನಿಜವಾದ ಸಂಶಯ ಹುಟ್ಟಿದರೆ ಮಾತ್ರ ಹೊಸ ಚುನಾವಣೆಯ ಮಾತು ಬರುವದು.

ಈ ತತ್ವವು ಕನ್ನಡಿಗರಿಗೆ ಅಪರಿಚಿತವಲ್ಲ. ಏಕೀಕರಣಕ್ಕೆ ಮುಂಚೆ ಹುಬ್ಬಳ್ಳಿಯ ಕೂಲಿಕಾರನಿಗೆ ಮುಂಬಯಿಯ ಶಾಸನಸಭೆ, ಬೆಂಗಳೂರಿನವನಿಗೆ ಮೈಸೂರು ಸಂಸ್ಥಾನ, ಮಂಗಳೂರಿನ ಹಂಚಿನ ಕಾರಖಾನೆಯವನಿಗೆ ಮದರಾಸು, ಕಲಬುರ್ಗಿಯ ಗಿರಣಿಯವನಿಗೆ ನಿಜಾಮ ಸರಕಾರ. ನುಡಿಯೊಂದೇ, ದುಡಿಮೆಯೊಂದೇ, ಕಾಯಿದೆ ಮಾತ್ರ ನಾಲ್ಕು. ೧೯೫೬ನೆಯ ನವೆಂಬರ್ ೧ರಂದು ಇವರೆಲ್ಲರೂ ಒಂದೇ ರಾಜ್ಯದವರಾದರು. ಕೂಡಿದ ಮಾತ್ರಕ್ಕೆ ಹುಬ್ಬಳ್ಳಿಯು ಹುಬ್ಬಳ್ಳಿಯಾಗಿ ಉಳಿಯಲಿಲ್ಲವೇ? ಹಾಗೆಯೇ ಸಂಘವೊಂದು ಮಹಾಸಂಘವನ್ನು ಸೇರಿದರೆ ಅದರ ಹೆಸರಿನ ಮುಂದೆ ಇನ್ನೊಂದು ಹೆಸರು ಬರುವದೇ ಹೊರತು, ಅದನ್ನು ಕಟ್ಟಿದ ಜನರು ಬೇರೆಯಾಗುವದಿಲ್ಲ. ಮಾಲಕನ ಬಂಡವಾಳವು ಎರಡು ಮೂರು ಪಟ್ಟಣಗಳಲ್ಲಿ ಹರಡಿರುವಾಗ ಕೂಲಿಕಾರನ ಸಂಘವು ಒಂದೇ ಗೇಟಿನೊಳಗೆ ಉಳಿಯಬೇಕೆಂಬದು ಯಾವ ನ್ಯಾಯ?

ಈಗ ನಮ್ಮ ಸದ್ಯದ ಕಾಯಿದೆಗೆ ಬರೋಣ. ಮನ್ನಣೆ ಪಡೆದ ಸಂಘದೊಡನೆ ಸದ್ಭಾವನೆಯಿಂದ ಮಾತುಕತೆಗೆ ಒಲ್ಲೆನೆನ್ನುವದು ಅನುಚಿತ ಕಾರ್ಮಿಕ ಪದ್ಧತಿಯೆಂದು ೧೯೮೨ರ ತಿದ್ದುಪಡಿಯು ಸಾರಿತು. ೧೯೮೪ರಿಂದ ಅದು ಜಾರಿಗೆ ಬಂದಿತು. ಆದರೆ ಮನ್ನಣೆಯನ್ನು ಪಡೆಯುವ ದಾರಿಯನ್ನು ಕೇಂದ್ರದ ಕಾಯಿದೆಯು ತೋರಿಸಲಿಲ್ಲ. ೨೦೨೦ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು ೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದು ಆ ದಾರಿಯನ್ನು ತೆರೆಯಿತು. ಹಲವು ಸಂಘಗಳಿರುವಲ್ಲಿ ಹಾಜರಿ ಪಟ್ಟಿಯ ಕಾರ್ಮಿಕರಲ್ಲಿ ನೂರಕ್ಕೆ ೫೧ರಷ್ಟಾದರೂ ಬೆಂಬಲವುಳ್ಳ ಸಂಘವೇ ಮಾತುಕತೆಯ ಏಕೈಕ ಸಂಘ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ, ನೂರಕ್ಕೆ ೨೦ಕ್ಕೆ ಕಡಿಮೆಯಿಲ್ಲದ ಬೆಂಬಲವುಳ್ಳ ಸಂಘಗಳು ಕೂಡಿದ ಮಾತುಕತೆಯ ಮಂಡಲ. ಇದು ಲಾಭವೇ ಸರಿ. ಆದರೆ ಸಂಘ ಸ್ವಾತಂತ್ರ್ಯದ ಮತ್ತು ಸಾಮೂಹಿಕ ಕರಾರಿನ ಅಂತರರಾಷ್ಟ್ರೀಯ ಒಡಂಬಡಿಕೆಗಳಿಗೆ, ಅಂದರೆ ೧೯೪೮ರ ೮೭ನೆಯದಕ್ಕೂ ೧೯೪೯ರ ೯೮ನೆಯದಕ್ಕೂ, ಭಾರತವು ಇನ್ನೂ ಸಮ್ಮತಿಯ ಮುದ್ರೆಯನ್ನೊತ್ತಿಲ್ಲ.

ಉಪಾಧ್ಯಾಯ ಬಂಧುಗಳೇ, ಇದು ಗಿರಣಿಯವರ ಮಾತು, ನಮಗೇಕೆ ಎನ್ನಬೇಡಿರಿ. ಶಾಲೆಯು ಉದ್ಯಮವಾದರೂ ಶಿಕ್ಷಕನು ಔದ್ಯೋಗಿಕ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕೂಲಿಕಾರನಲ್ಲವೆಂದು ೧೯೮೮ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದುದರಿಂದ ಸಂಘವಿದ್ದರೂ ಕೇಳುವವರಿಲ್ಲದ ಸ್ಥಿತಿಯು ಎಂತಹದೆಂಬದನ್ನು ತಾವೇ ಬಲ್ಲಿರಿ.

ಹಾಗಾದರೆ ಮಾಡತಕ್ಕದ್ದೇನು? ಎಣಿಕೆಯ ಮೇಲೆ ನಿಂತ ಕಾಯಿದೆಯಲ್ಲಿ ಸದಸ್ಯರ ಪಟ್ಟಿಯೇ ಸಂಘದ ಆಸ್ತಿ. ಪಟ್ಟಿಯು ಸುಳ್ಳಾದರೆ ಮನ್ನಣೆ ಮುರಿಯುವದು. ಮಹಾಸಂಘಕ್ಕೆ ಸೇರುವ ಠರಾವು ನಾಲ್ವರ ಕೋಣೆಯಲ್ಲಿ ಆದರೆ ಮಾಲಕನಿಗೆ ನೆವ ಸಿಗುವದು. ಸಭೆಯ ನೋಟೀಸನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಮುಟ್ಟಿಸಿರಿ. ಗುಪ್ತ ಮತದಾನ ನಡಿಸಿರಿ. ನಡಾವಳಿಯನ್ನು ಅಂದೇ ಬರೆದಿಡಿರಿ. ಅಕ್ಷರ ಬಲ್ಲ ತಾವು ತಂತಮ್ಮ ಊರಿನ ಸಂಘಗಳಿಗೆ ಇಷ್ಟು ನೆರವಾದರೂ ಸಾಕು. ಕಾಯಿದೆಯು ಬಾಗಿಲನ್ನು ತೆರೆದಿದೆ. ಒಳಗೆ ಹೋಗುವವರ ಲೆಕ್ಕವು ಶುದ್ಧವಾಗಿರಲಿ.