ಸಲಿಂಗ ವಿವಾಹ ಶ್ರೀಮಂತರ ಗೀಳೆ?

(ಜಿಲ್ಲೆಯ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಈ ವಿಷಯವನ್ನು ಶಿಬಿರದ ಕಾರ್ಯಕ್ರಮದಲ್ಲಿ ಸೇರಿಸಿದಾಗ ನಮ್ಮವರಲ್ಲಿಯೇ ಕೆಲವರು ನಕ್ಕರು. ಗೊಬ್ಬರದ ಬೆಲೆ ಏರಿದೆ, ಕೂಲಿ ಏರಿಲ್ಲ, ಬಗರ್‌ಹುಕುಂ ಅರ್ಜಿಗಳು ತಾಲ್ಲೂಕು ಕಚೇರಿಯಲ್ಲಿ ಧೂಳು ತಿನ್ನುತ್ತಿವೆ. ಇದೆಲ್ಲ ಬಿಟ್ಟು ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗುವ ಮಾತೇಕೆ ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಅವರಿಗೆ ಉತ್ತರ ಕೊಡುವುದೇ ಈ ಹೊತ್ತಿನ ನಮ್ಮ ಕೆಲಸ.

ಪ್ರೇಮದ ಹಿರಿಮೆಯನ್ನು ಕವಿಗಳಿಗೆ ಬಿಡೋಣ. ನಾವು ಮಾತನಾಡುವುದು ಮದುವೆಯೆಂಬ ದಾಖಲೆಯನ್ನು ಕುರಿತು. ದಾಖಲೆಯ ಬೆಲೆ ಏನೆಂಬುದು ಮಲೆನಾಡಿನ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಗೇಣಿದಾರ ತಲೆಮಾರುಗಟ್ಟಲೆ ಉತ್ತರೂ ಎಷ್ಟೋ ಕಡೆ ಪಹಣಿಯಲ್ಲಿ ಅವನ ಹೆಸರಿರಲಿಲ್ಲ. ಉಳುಮೆ ನಿಜ, ಕಾಗದ ಸುಳ್ಳು. 1974ರ ಭೂಸುಧಾರಣೆ ಬಂದಾಗ ಹೊಲದಲ್ಲಿ ನಡೆದದ್ದನ್ನೇ ಕಾಗದದ ಮೇಲೆ ಬರೆಯಿರಿ ಎಂದು ಕೇಳಿದೆವು. ಇಪ್ಪತ್ತು ಮೂವತ್ತು ವರ್ಷ ಒಂದೇ ಒಲೆಯ ಮೇಲೆ ಬೇಯಿಸಿ ಉಂಡ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಇಂದು ಕೇಳುತ್ತಿರುವುದೂ ಅಷ್ಟೆ.

ಕಾಗದವಿಲ್ಲದಿದ್ದರೆ ಏನಾಗುತ್ತದೆ? ಕಟ್ಟಡದ ಮೇಲಿಂದ ಕೂಲಿಕಾರನೊಬ್ಬ ಬಿದ್ದು ಸತ್ತನೆನ್ನಿ. ಪರಿಹಾರ ಯಾರಿಗೆ? 1923ರಲ್ಲಿ ಬಂದ ಕಾರ್ಮಿಕ ಪರಿಹಾರ ಕಾಯಿದೆ ಅವಲಂಬಿತರು ಯಾರೆಂದು ಪಟ್ಟಿ ಮಾಡಿತು: ವಿಧವೆ, ಮಕ್ಕಳು, ತಾಯಿ, ಹೀಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅಂತಹುದೇ ಪಟ್ಟಿ. ಅವನ ಜೊತೆ ಬಾಳಿದ ಗಂಡಸಿಗೆ ಅದರಲ್ಲಿ ಜಾಗವಿಲ್ಲ. ಉಯಿಲು ಬರೆದಿಡಬಹುದಲ್ಲ ಎನ್ನುತ್ತೀರಿ. ಆಸ್ತಿಗೆ ಉಯಿಲು ಬರೆಯಬಹುದು, ಈ ಪರಿಹಾರಕ್ಕೆ ಬರೆಯಲಾಗದು. ಆಸ್ತಿಯ ಮಟ್ಟಿಗಾದರೂ ಸಿರಿವಂತನಿಗೆ ವಕೀಲನಿದ್ದಾನೆ, ಟ್ರಸ್ಟು ಇದೆ, ಜಂಟಿ ಕಂಪನಿ ಇದೆ. ಗುಡಿಸಲಿನವನು ಉಯಿಲು ಬರೆಯುವುದಿಲ್ಲ. ಅವನು ಸತ್ತರೆ, ಬದುಕಿದ್ದಾಗ ಬಾಗಿಲು ತುಳಿಯದ ಅಣ್ಣನ ಮಗ ಬಂದು ಬೀಗ ಹಾಕುತ್ತಾನೆ, ಕಾನೂನು ಅವನ ಬೆನ್ನಿಗೆ ನಿಲ್ಲುತ್ತದೆ. ಆದುದರಿಂದ ಮದುವೆಯ ಹಕ್ಕು ಹೆಚ್ಚಾಗಿ ಬೇಕಾದದ್ದು ಇಲ್ಲದವರಿಗೇ.

ಆದರೆ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ಸರ್ಕಾರ ಹೇಳಿದ್ದೇನು? ಇದು ನಗರದ ಗಣ್ಯರ ವಿಚಾರವಂತೆ! 1987ರಲ್ಲಿ ಮಧ್ಯಪ್ರದೇಶದ ಸಶಸ್ತ್ರ ಪೊಲೀಸ್ ದಳದ ಇಬ್ಬರು ಮಹಿಳಾ ಕಾನ್‌ಸ್ಟೇಬಲ್ಲುಗಳು ಪರಸ್ಪರ ವರಿಸಿದರು. ಇಲಾಖೆ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಕಾನ್‌ಸ್ಟೇಬಲ್ಲಿನ ಸಂಬಳದಲ್ಲಿ ಎಂತಹ ಗಣ್ಯತೆ, ನೀವೇ ಹೇಳಿ. ನೇಪಾಳದಲ್ಲಿ ಕಾನೂನಿನ ಲೆಕ್ಕಕ್ಕೆ ಇಬ್ಬರೂ ಗಂಡಸರಾಗಿದ್ದ ಜೋಡಿಯ ಮದುವೆಯನ್ನು 2023ರ ನವೆಂಬರಿನಲ್ಲಿ ನೋಂದಾಯಿಸಿದ್ದು ರಾಜಧಾನಿಯಲ್ಲ, ಲಮ್‌ಜುಂಗ್ ಜಿಲ್ಲೆಯ ಒಂದು ಗ್ರಾಮ ಪಾಲಿಕೆ.

ಧರ್ಮ ಕೆಡುತ್ತದೆ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪುರೋಹಿತರನ್ನಾಗಲಿ ಪಾದ್ರಿಗಳನ್ನಾಗಲಿ ಯಾರೂ ಕರೆಯುತ್ತಿಲ್ಲ. 1954ರ ವಿಶೇಷ ವಿವಾಹ ಕಾಯಿದೆ ರಿಜಿಸ್ಟ್ರಾರರ ಮುಂದೆ ಆಗುವ ಮದುವೆಗೇ ಇದೆ. (ಆ ಕಾಯಿದೆಯ ಮೂವತ್ತು ದಿನದ ನೋಟೀಸು ಜಾತಿ ಮೀರಿದ ಜೋಡಿಗಳ ಕೊರಳಿಗೂ ಉರುಳಾಗಿದೆ, ಅದನ್ನು ಇನ್ನೊಮ್ಮೆ ಮಾತನಾಡೋಣ.) ಮಕ್ಕಳಾಗುವುದಿಲ್ಲವೆಂಬ ಆಕ್ಷೇಪವೂ ನಿಲ್ಲದು, ಅರವತ್ತರ ವಿಧುರ ಮದುವೆಯಾದರೆ ಯಾವ ರಿಜಿಸ್ಟ್ರಾರನೂ ಮಕ್ಕಳ ಮಾತೆತ್ತುವುದಿಲ್ಲ. ಸಂಪ್ರದಾಯವೆಂದರೆ, ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳನ್ನು ತಮಿಳುನಾಡು ಕಾನೂನಿನಿಂದ ಊರ್ಜಿತಗೊಳಿಸಿದ್ದು 1967ರಲ್ಲಿ. ಅಲ್ಲಿಯ ತನಕ ಮೊಮ್ಮಕ್ಕಳನ್ನು ಕಂಡ ದಂಪತಿಗಳಿಗೂ ಕೋರ್ಟಿನಲ್ಲಿ ದಂಪತಿಗಳೆನ್ನಿಸಿಕೊಳ್ಳುವ ಭರವಸೆ ಇರಲಿಲ್ಲ.

ಇನ್ನು ನ್ಯಾಯಾಲಯದ ಮಾತು. 1860ರಲ್ಲಿ ಬ್ರಿಟಿಷರು ಬರೆದ 377ನೇ ಕಲಮಿನ ಹಿಡಿತದಿಂದ ಇವರನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಬಿಡಿಸಿತು. ಅಪರಾಧಿಗಳಲ್ಲ ಎಂದಿತು, ಸರಿ. ಆದರೆ 2023ರ ಅಕ್ಟೋಬರ್ 17ರಂದು ಅದೇ ಕೋರ್ಟಿನ ಐವರು ನ್ಯಾಯಾಧೀಶರೂ ಮದುವೆ ಮೂಲಭೂತ ಹಕ್ಕಲ್ಲವೆಂದರು. ಮದುವೆಯಲ್ಲದ ಬೇರೊಂದು ಮಾನ್ಯತೆಯನ್ನಾದರೂ ಕೊಡಬೇಕೆಂದವರು ಇಬ್ಬರು, ಬೇಡವೆಂದವರು ಮೂವರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ನಡುವೆ 2024ರಲ್ಲಿ ಕೇಂದ್ರವು, ಇಂತಹ ಜೊತೆಗಾರರನ್ನು ರೇಷನ್ ಕಾರ್ಡಿನಲ್ಲಿ ಒಂದೇ ಮನೆಯವರೆಂದು ಎಣಿಸಬಹುದೆಂದು ರಾಜ್ಯಗಳಿಗೆ ಸಲಹೆ ಕೊಟ್ಟಿತು. ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲವೆಂದಿತು. ಬೇಡವೆನ್ನುವುದಿಲ್ಲ. ಆದರೆ ಸಲಹಾಪತ್ರವನ್ನು ಬರೆದ ಗುಮಾಸ್ತನೇ ನಾಳೆ ಹಿಂತೆಗೆಯಬಲ್ಲ. ಒಂದೇ ಅಕ್ಕಿಯಲ್ಲಿ ಪಾಲು ಸರಿ, ಸತ್ತಾಗ ಪರಿಹಾರದಲ್ಲಿ ಪಾಲಿಲ್ಲ ಎಂದರೆ ಅದೆಂತಹ ಸಂಸಾರ?

ಕೋರ್ಟು ಚೆಂಡನ್ನು ಪಾರ್ಲಿಮೆಂಟಿಗೆ ಎಸೆದಿದೆ. ಪಾರ್ಲಿಮೆಂಟೆಂದರೆ ಪಕ್ಷಗಳು, ಪಕ್ಷವೆಂದರೆ ಇಲ್ಲಿ ಚಾಪೆಯ ಮೇಲೆ ಕುಳಿತ ನಾವು. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಂತಹ ಮದುವೆಗಳು ನಡೆಯುತ್ತಿರುವುದು ಅಲ್ಲಿನ ಪಾರ್ಲಿಮೆಂಟು ಮಾಡಿದ ಕಾಯಿದೆಯಿಂದ. ನಮ್ಮ ಕಾಯಿದೆಯ ನಾಲ್ಕನೆಯ ಕಲಮಿನಲ್ಲಿ ಪುರುಷನಿಗೆ 21, ಸ್ತ್ರೀಗೆ 18 ಎಂದಿರುವಲ್ಲಿಂದಲೇ ತಿದ್ದುಪಡಿ ಮೊದಲಾಗಬೇಕು. ಕೆಲಸ ಸುಲಭವಲ್ಲ, ಗಂಡ, ಹೆಂಡತಿ, ವಿಧವೆ ಎಂಬ ಮಾತುಗಳನ್ನು ಹತ್ತಾರು ಕಾಯಿದೆಗಳಲ್ಲಿ ಹುಡುಕಿ ತಿದ್ದಬೇಕಾದೀತು.

ಈ ಬಗ್ಗೆ ಒಂದು ನಿರ್ಣಯದ ಕರಡನ್ನು ಮಧ್ಯಾಹ್ನದ ಬೈಠಕ್ಕಿಗೆ ಇಟ್ಟಿದ್ದೇವೆ. ಬೆಳಿಗ್ಗೆ ನಕ್ಕವರು ಊಟ ಮುಗಿಸಿ ಮನೆಗೆ ಹೋಗದೆ, ಎದ್ದು ನಿಂತು ತಮ್ಮ ವಿರೋಧವನ್ನು ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.