ಹೆಸರು ತಿಳಿಯದ ನೋವು



ಕೆಲವು ವರ್ಷಗಳ ಹಿಂದೆ ವೃದ್ಧ ತಾಯಿಯೊಬ್ಬಳು ಮಠಕ್ಕೆ ಬಂದು, "ಅಪ್ಪಾರ, ಅಂಗಾಲು ಕೆಂಡದಾಗ ಇಟ್ಟಂಗ ಉರೀತಾವರೀ. ಹೊದಿಕಿ ತಾಕಿದ್ರೂ ತಡಿಯಾಕ ಆಗಂಗಿಲ್ಲ. ಡಾಕ್ಟರು ಏನೂ ಇಲ್ಲ ಅಂತಾರ" ಎಂದಳು. "ಅದು ಮನಸ್ಸಿನ ಭ್ರಮೆ ತಾಯಿ, ಜಪ ಮಾಡು" ಎಂದು ಹೇಳಿ ಕಳುಹಿಸಿದೆವು. ಆಕೆ ಮರುಮಾತನಾಡದೆ ಎದ್ದು ಹೋದಳು.

ಈಗ ಎರಡು ವರ್ಷಗಳಿಂದ ಅದೇ ಉರಿ ನಮಗೆ ಬಂದಿದೆ. ಮೊದಲು ಪಾದಗಳಲ್ಲಿತ್ತು, ಅನಂತರ ಅಂಗೈಗೂ ಬಂತು. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದು ಕುಳಿತುಕೊಳ್ಳುವುದೇ ಕಷ್ಟವಾಯಿತು. ನರಗಳಿಗೆ ವಿದ್ಯುತ್ ಹಾಯಿಸಿ ಪರೀಕ್ಷಿಸಿದರು. ಎಲ್ಲವೂ ಸರಿಯಾಗಿದೆ ಎಂದರು. ಆಗ ಆ ತಾಯಿಯ ಮುಖ ನೆನಪಾಯಿತು.

ಮತ್ತೊಬ್ಬ ವೈದ್ಯರು ತಿಳಿಯಹೇಳಿದರು: ಆ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ಉರಿಯನ್ನು ಒಯ್ಯುವ ಅತಿ ಸೂಕ್ಷ್ಮ ತಂತುಗಳು ಅದಕ್ಕೆ ಸಿಕ್ಕುವುದಿಲ್ಲ. ಅವುಗಳನ್ನು ನೋಡಲು ಚರ್ಮದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ನಾವು ಚಿಕ್ಕಂದಿನಲ್ಲಿ ಓದಿದ ಶಾಸ್ತ್ರದಲ್ಲಿ 'ಯೋಗ್ಯಾನುಪಲಬ್ಧಿ' ಎಂಬ ವಿಚಾರವಿದೆ. ಕಾಣಲು ಯೋಗ್ಯವಾದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯೇ ಇಲ್ಲವೆಂದು ಹೇಳಲಾದೀತೇ? ಇಷ್ಟು ಓದಿದ್ದ ನಾವು ಆ ತಾಯಿಯ ವಿಷಯದಲ್ಲಿ ಅದನ್ನು ಮರೆತೆವು.

ಇಂಥ ನೋವಿಗೆ ಸಕ್ಕರೆ ಕಾಯಿಲೆ ಕಾರಣವಾಗಬಹುದು, ಬಿ-12 ಜೀವಸತ್ವದ ಕೊರತೆಯೂ ಆಗಬಹುದು. ಇವು ರಕ್ತಪರೀಕ್ಷೆಯಿಂದ ತಿಳಿಯುತ್ತವೆ, ಇವಕ್ಕೆ ಚಿಕಿತ್ಸೆಯೂ ಇದೆ. ಎಲ್ಲ ಪರೀಕ್ಷೆಗಳಾದರೂ ಕಾರಣ ಸಿಕ್ಕದವರು ಅನೇಕರಿದ್ದಾರೆ, ನಾವೂ ಅವರಲ್ಲೊಬ್ಬರು. ಕಾರಣ ತಿಳಿಯದಿದ್ದರೂ ನೋವನ್ನು ತಗ್ಗಿಸಲು ಬರುತ್ತದೆ. ಮೂರ್ಛೆರೋಗಕ್ಕೂ ಮನೋವ್ಯಥೆಗೂ ಕೊಡುವ ಕೆಲವು ಔಷಧಿಗಳು ನರದ ಉರಿಯನ್ನೂ ಶಮನಗೊಳಿಸುತ್ತವೆ. ಅವನ್ನು ಬರೆದುಕೊಟ್ಟರೆ 'ನನಗೆ ಹುಚ್ಚೆಂದರು' ಎಂದು ನೊಂದುಕೊಳ್ಳಬೇಡಿರಿ. ಊರೂರು ಅಲೆಯದೆ ನಂಬಿಕೆಯ ಒಬ್ಬ ವೈದ್ಯರ ಬಳಿಯೇ ನಡೆಯಿರಿ. ಆದರೆ ಕೈಕಾಲು ಶಕ್ತಿಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಕಾಯಕವನ್ನು ಕಡಿಮೆ ಮಾಡಿಕೊಳ್ಳಿರಿ, ಬಿಡಬೇಡಿರಿ. ನಾವೂ ಲಿಂಗವನ್ನು ಹಿಡಿಯಲಾದಷ್ಟು ಹೊತ್ತು ಹಿಡಿದು ಪೂಜೆ ಮುಗಿಸುತ್ತೇವೆ. ಜಪದಿಂದ ಉರಿ ಹೋಗಲಿಲ್ಲ. ಉರಿಯೊಡನೆ ಇರುವ ಧೈರ್ಯ ಬಂತು. ಮನೆಯವರು ಮಾತ್ರ ನೊಂದವರನ್ನು 'ಸೋಗು' ಎಂದು ಜರೆಯಬಾರದು, ಪೂರ್ವಜನ್ಮದ ಪಾಪವೆಂದೂ ಹೇಳಬಾರದು.

ಕ್ಷಮೆ ಕೇಳಲೆಂದು ಆ ತಾಯಿಗೆ ಹೇಳಿಕಳುಹಿಸಿದೆವು. ಆಕೆ ಅದಾಗಲೇ ಲಿಂಗೈಕ್ಯಳಾಗಿದ್ದಳು. ಆ ಕ್ಷಮೆಯನ್ನು ಇಂದು ನಿಮ್ಮೆಲ್ಲರ ಮುಂದೆ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ 'ಉರಿಯುತ್ತದೆ' ಎಂದರೆ, ಮೊದಲು ನಂಬಿರಿ.

ಸರ್ವರಿಗೂ ಶುಭವಾಗಲಿ.